ಯಾರೂ ಇಲ್ಲದ ಒಂದು ನಿಮಿಷ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಊಟವಿಲ್ಲ. ಗಾದೆ ಕೆಡಿಸಿದೆನೆಂದು ಮೂಗು ಮುರಿಯಬೇಡಿ. ಬೇರೆಯವರ ಮಾತನ್ನು ಅವರದೇ ದನಿಯಲ್ಲಿ ಆಡಿ ತೋರಿಸುವುದನ್ನೇ ಕಸುಬು ಮಾಡಿಕೊಂಡು ಹದಿನೈದು ವರ್ಷ ಅರೆಹೊಟ್ಟೆಯಲ್ಲಿ ಕಳೆದವನು ನಾನು. ಗಾದೆಯನ್ನು ಅನುಭವದಿಂದ ತಿದ್ದಿದ್ದೇನೆ. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ದನಿಯಲ್ಲಿ ಮೈಕು ಹಿಡಿದು ಎಲ್ಲರಿಗೂ ಅರ್ಧ ದಿನದ ರಜೆ ಕೊಟ್ಟೆ. ಅವರು ತಮ್ಮ ಸ್ವಂತ ದನಿಯಲ್ಲಿ ನನಗೆ ಹದಿನೈದು ದಿನದ ರಜೆ ಕೊಟ್ಟರು. ಇಂಥವನು ಈಗ ಒಂದು ನಿಜ ಸಂಗತಿ ಹೇಳುತ್ತೇನೆ ಎಂದರೆ ನೀವು ನಂಬುವುದಿಲ್ಲ, ಗೊತ್ತು. ಆದರೆ ಇದಕ್ಕೆ ರೆಕಾರ್ಡಿಂಗ್ ಇದೆ. ಕೇಳುವ ಧೈರ್ಯವಿದ್ದರೆ ಕೊಡುತ್ತೇನೆ. ನನಗಂತೂ ಇಲ್ಲ.

"ನಿನಗೆ ಊರಿನವರ ಮಾತೆಲ್ಲ ಬರುತ್ತಲ್ಲ, ಒಬ್ಬರ ಮಾತು ನೆಟ್ಟಗೆ ಬರಕೊಂಡು ಬಾ" ಎಂದು ಪ್ರಕಾಶಕರೊಬ್ಬರು ನನ್ನನ್ನು ಹಿರಿಯ ಸಿನಿಮಾ ನಿರ್ದೇಶಕರ ಮನೆಗೆ ಅಟ್ಟಿದರು. ಹನ್ನೆರಡು ಮಾತುಕತೆ, ಒಂದು ಪುಸ್ತಕ. ಅವಸರಕ್ಕೆ ಕಾರಣವಿತ್ತು. ನಿರ್ದೇಶಕರ ಗಂಟಲಲ್ಲಿ ಗಡ್ಡೆ, ತಿಂಗಳ ಕೊನೆಗೆ ಆಪರೇಷನ್.

"ಧ್ವನಿಪೆಟ್ಟಿಗೇನೇ ತೆಗೀತಾರಂತೆ," ಎಂದರು ಅವರು ಮೊದಲ ದಿನ, ಮರಳುಕಾಗದ ಉಜ್ಜಿದಂಥ ದನಿಯಲ್ಲಿ. "ಪೆಟ್ಟಿಗೆ ಹೋದ್ರೆ ಹೋಗ್ಲಿ. ಒಳಗಿರೋ ಸಾಮಾನೆಲ್ಲ ಮೊದಲೇ ನಿನ್ನ ಕೈಗೆ ಹಾಕಿಬಿಡ್ತೀನಿ."

ಮನೆ ಮೂರನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ 'ಕೆಟ್ಟಿದೆ' ಎಂಬ ಬೋರ್ಡು ತೂಗುತ್ತಿತ್ತು. ಬೋರ್ಡಿನ ಬಣ್ಣ ನೋಡಿದರೆ ಅದು ಕೆಟ್ಟಾಗ ನಾನಿನ್ನೂ ಹುಟ್ಟಿರಲಿಲ್ಲ. ದಿನಾ ಮಧ್ಯಾಹ್ನ ಮೂರರಿಂದ ಐದು, ಒಳಕೋಣೆಯಲ್ಲಿ ನಮ್ಮ ಕೂಟ. ಕಿಟಕಿಗೆ ಪರದೆಯ ಬದಲು ದಪ್ಪ ಬೂದು ಕಂಬಳಿ. ಗೋಡೆ ಗಡಿಯಾರದಲ್ಲಿ ಸೆಲ್ ಇಲ್ಲ. ಟಿಕ್ ಟಿಕ್ ಎನ್ನುತ್ತದೆಂದು ಯಾರೋ ಎಂದೋ ತೆಗೆದದ್ದು, ಮತ್ತೆ ಹಾಕಿಲ್ಲ. ಮೂಲೆಯಲ್ಲಿ ಹಳೆಯ ಸ್ಪೂಲ್ ಟೇಪಿನ ರೆಕಾರ್ಡಿಂಗ್ ಯಂತ್ರ, ಅದರ ಮುಂದೆ ಒಂದು ಮರದ ಸ್ಟೂಲು, ಪಕ್ಕದ ಕಬ್ಬಿಣದ ಕಪಾಟಿನಲ್ಲಿ ತಟ್ಟೆಯಗಲದ ಅರವತ್ತಕ್ಕೂ ಹೆಚ್ಚು ಡಬ್ಬಿಗಳು. ಕಣ್ಣಿಗೆ ಬಿದ್ದವುಗಳ ಮೇಲೆಲ್ಲ ಒಂದೇ ಗುಂಡಗಿನ ಕೈಬರಹ. 'ಊಟದ ಕೋಣೆ. ಯಾರೂ ಇಲ್ಲ.' 'ಪೊಲೀಸ್ ಠಾಣೆ. ಯಾರೂ ಇಲ್ಲ.' 'ಮದುಮಗಳ ಕೋಣೆ. ಯಾರೂ ಇಲ್ಲ.'

"ಇದೇನು ಸರ್, ಬಾಡಿಗೆಗೆ ಖಾಲಿ ಇರೋ ಮನೆಗಳ ಪಟ್ಟಿನಾ?"

"ಮೌನ ಕಣೋ ಅದು," ಎಂದರು. "ಒಂದೊಂದು ಡಬ್ಬೀಲೂ ಒಂದೊಂದು ಕೋಣೆಯ ಮೌನ."

ಸಿನಿಮಾದವರ ಒಂದು ಪದ್ಧತಿ ನನಗೆ ಆಗ ತಿಳಿಯಿತು. ಒಂದು ಕೋಣೆಯಲ್ಲಿ ಶೂಟಿಂಗ್ ಮುಗಿಸಿ ಹೊರಡುವ ಮುಂಚೆ ಎಲ್ಲರೂ ಒಂದು ನಿಮಿಷ ಇದ್ದಲ್ಲೇ ಕಲ್ಲಾಗಬೇಕು. ಏಣಿ ಹತ್ತಿದ ಲೈಟ್‌ನವನು ಏಣಿಯ ಮೇಲೇ, ಮೇಕಪ್ಪಿನವಳು ಬಾಚಣಿಗೆ ಎತ್ತಿದ ಕೈಯಲ್ಲೇ. ಆಗ ಆ ಕೋಣೆಯ ಬರಿ ಸದ್ದನ್ನು ಹಿಡಿದಿಡುತ್ತಾರೆ. ಆಮೇಲೆ ಮಾತುಗಳ ನಡುವೆ ಕತ್ತರಿ ಆಡಿಸಿದಲ್ಲೆಲ್ಲ ಅದೇ ಕೋಣೆಯ ಮೌನದಿಂದ ತೇಪೆ.

"ಬೇರೆ ಕೋಣೆಯ ಮೌನ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ ಸರ್?"

"ಗೊತ್ತಾಗಲ್ಲ. ಮೈ ಜುಮ್ ಅನ್ನುತ್ತೆ ಅಷ್ಟೆ. ಮನೆಯವರದೇ ಮೈ, ಮುಖ ಮಾತ್ರ ಬೇರೆಯವರದು ಹೊಲಿದ ಹಾಗೆ."

ಇವರ ತಂಡದಲ್ಲಿ ಅದಕ್ಕೆ 'ಖಾಲಿ ನಿಮಿಷ' ಎಂದು ಹೆಸರು. ಅದನ್ನು ಹಿಡಿಯುತ್ತಿದ್ದವರು ಇವರ ಹೆಂಡತಿಯ ಸ್ವಂತ ಅಣ್ಣ. ನಿರ್ದೇಶಕರಿಗೆ ಭಾವ, ತಂಡಕ್ಕೆಲ್ಲ ಕಿವಿಯಣ್ಣ. ಎದುರಿಗೆ ಇಪ್ಪತ್ತು ಜನ ನಿಂತಿದ್ದರೂ ಕಿವಿಯಣ್ಣ ಮೈಕಿಗೆ ಕೋಣೆಯ ಹೆಸರು ಹೇಳಿ, "ಯಾರೂ ಇಲ್ಲ" ಎಂದು ಘೋಷಿಸುತ್ತಿದ್ದರು.

"ಅವರು ಹಾಗಂದ ತಕ್ಷಣ ನಮಗೂ ನಾವು ಇಲ್ಲ ಅನ್ನಿಸಿಬಿಡ್ತಿತ್ತು," ಎಂದರು ನಿರ್ದೇಶಕರು. "ಒಬ್ಬ ನಾಯಕಿ ಒಂದು ಸಲ ಅತ್ತೇಬಿಟ್ಟಳು. ಆ ನಿಮಿಷದಲ್ಲಿ ಅಲ್ಲ, ಮುಗಿದ ಮೇಲೆ. ನಿಮಿಷದೊಳಗೆ ಅಳೋಕೆ ಭಾವನ ಭಯ."

ಆ ಭಾವನಿಗೆ ಚಿಕ್ಕಂದಿನಲ್ಲಿ ಮೂಗು ಮುರಿದಿತ್ತಂತೆ. (ಈ ಮೂಗು ಮುರಿಯುವುದು ಮಾತಿಗಲ್ಲ, ಜಾರುಬಂಡೆಯಿಂದ ಬಿದ್ದು.) ಉಸಿರು ಬಿಟ್ಟರೆ ಸಣ್ಣ ಸೀಟಿ ಬರುತ್ತಿತ್ತು. ಆದ್ದರಿಂದ ಖಾಲಿ ನಿಮಿಷದಲ್ಲಿ ಅವರು ಅರವತ್ತು ಸೆಕೆಂಡೂ ಉಸಿರು ಕಟ್ಟಿ ಕೂರುತ್ತಿದ್ದರು. ನಿಮಿಷ ಮುಗಿಸಿ, ಯಂತ್ರ ನಿಲ್ಲಿಸಿ, ಆಮೇಲೆ ಒಂದೇ ಸಲಕ್ಕೆ ಬಿಡುತ್ತಿದ್ದರು. ಇಡೀ ತಂಡಕ್ಕೆ ಆ ಸೀಟಿಯೇ 'ಆಯ್ತು, ಅಲ್ಲಾಡಿ' ಎಂಬ ಅಪ್ಪಣೆ. ಯಂತ್ರ ನಿಂತ ಮೇಲಿನ ಸದ್ದಾದ್ದರಿಂದ ಒಂದು ಡಬ್ಬಿಯಲ್ಲೂ ಅದು ದಾಖಲಾಗಿಲ್ಲ.

ಕಿವಿಯಣ್ಣ ತೀರಿಕೊಂಡು ಒಂಬತ್ತು ವರ್ಷವಾಗಿದ್ದರೂ ಪದ್ಧತಿ ತೀರಿರಲಿಲ್ಲ. ನಮ್ಮ ಪ್ರತಿ ಮಾತುಕತೆಯ ಕೊನೆಗೂ ನಿರ್ದೇಶಕರು ಬಲಗೈ ಎತ್ತಿ, ನನ್ನ ಅಂಗೈಯಗಲದ ರೆಕಾರ್ಡರಿಗೆ ಬಾಗಿ, "ಮೊದಲನೇ ಮಾತುಕತೆ. ಯಾರೂ ಇಲ್ಲ," "ಎರಡನೇ ಮಾತುಕತೆ. ಯಾರೂ ಇಲ್ಲ" ಎನ್ನುತ್ತಿದ್ದರು. ಒಂದು ನಿಮಿಷ ನಾವು ಇರುತ್ತಿರಲಿಲ್ಲ. ಮರುದಿನ ಬಂದ ಕೂಡಲೇ ಹಿಂದಿನ ದಿನದ ನಿಮಿಷವನ್ನು ಹೆಡ್‌ಫೋನ್ ಹಾಕಿ ಅವರು ಪರೀಕ್ಷಿಸಬೇಕು. ಮಾತು ಹೇಗೆ ಬಂದಿದೆ ಎಂದು ಒಂದು ದಿನವೂ ಕೇಳಲಿಲ್ಲ ಮಹರಾಯರು!

ಸುಮ್ಮನಿರುವುದು ಸುಲಭವೆಂದು ತಿಳಿದವರು ಆ ಕೋಣೆಯಲ್ಲಿ ಒಂದು ನಿಮಿಷ ಕೂತು ನೋಡಬೇಕು. ಎರಡು ಗೋಡೆ ಆಚೆಯ ಫ್ರಿಜ್ಜು ಕಿವಿಯ ಪಕ್ಕಕ್ಕೆ ಬರುತ್ತದೆ. ಕೊಳಾಯಿಯ ಒಳಗೆ ಏನೋ ಗಂಟಲು ಸರಿಮಾಡಿಕೊಳ್ಳುತ್ತದೆ. ನಿಮ್ಮದೇ ಅಂಗಿಯ ಕಾಲರು ಯಾರೋ ಹಿಂದಿನಿಂದ ಮುಟ್ಟಿದ ಹಾಗೆ ಸದ್ದು ಮಾಡುತ್ತದೆ. ನಾಲ್ಕನೇ ದಿನದ ಹೊತ್ತಿಗೆ ನನಗೊಂದು ಅಭ್ಯಾಸ ಹತ್ತಿತು: ಆ ನಿಮಿಷದಲ್ಲಿ ಯಂತ್ರದ ಮುಂದಿನ ಸ್ಟೂಲಿನ ಕಡೆ ನೋಡದಿರುವುದು. ನೋಡಿದರೆ ಅದು ಖಾಲಿಯೇ ಇರುತ್ತಿತ್ತು. ಖಾಲಿ ಇದೆಯೋ ಎಂದು ನೋಡಬೇಕೆನ್ನಿಸುತ್ತಿತ್ತಲ್ಲ, ಅದೇ ತೊಂದರೆ.

ನಿರ್ದೇಶಕರು ಎಲ್ಲ ಸಿನಿಮಾಗಳ ಬಗ್ಗೆಯೂ ಹೇಳಿದರು, ಏಳನೆಯದೊಂದನ್ನು ಬಿಟ್ಟು. ಕೇಳಿದರೆ ಆರರಿಂದ ನೇರ ಎಂಟಕ್ಕೆ ನೆಗೆಯುತ್ತಿದ್ದರು. ಒಂಬತ್ತನೇ ದಿನ ಅವರು ಕುರ್ಚಿಯಲ್ಲೇ ತೂಕಡಿಸತೊಡಗಿದಾಗ ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅವರ ಹೆಂಡತಿ, ನಾನು 'ಅಮ್ಮ' ಎನ್ನುತ್ತಿದ್ದೆ, ಗಂಡನ ಮಾತ್ರೆಗಳನ್ನು ಚಮಚದಿಂದ ಒತ್ತಿ ಪುಡಿಮಾಡುತ್ತಿದ್ದರು.

"ಏಳನೇದರ ಬಗ್ಗೆ ಅವರನ್ನ ಕೆದಕಬೇಡಪ್ಪ. ಅದು ನಮ್ಮಣ್ಣನ ಅವಾಂತರ," ಎಂದರು.

ಮುಚ್ಚಿದ ಒಂದು ಆಸ್ಪತ್ರೆಯಲ್ಲಿ ತೆಗೆದ ಸಿನಿಮಾ ಅದು. ಖಾಲಿ ಹಾಸಿಗೆಯ ಪಕ್ಕ ಒಬ್ಬ ತಾಯಿ ಕೂತಿರುವುದೇ ಕೊನೆಯ ದೃಶ್ಯ. ಶೂಟಿಂಗ್ ಮುಗಿದ ಮರುದಿನ ಕಟ್ಟಡ ಕೆಡವಿದರು. ಆ ವಾರ್ಡಿನ ಖಾಲಿ ನಿಮಿಷ ಡಬ್ಬಿಯಲ್ಲಿತ್ತು. ಎಡಿಟಿಂಗ್ ಹೊತ್ತಿಗೆ ನೋಡಿದರೆ ಡಬ್ಬಿಯೇ ಇಲ್ಲ. ಕಿವಿಯಣ್ಣನೇ ಮೈಮರೆತು ಅಳಿಸಿ, ಎಲ್ಲೋ ಎಸೆದಿರಬೇಕೆಂದು ಎಲ್ಲರೂ ತೀರ್ಮಾನಿಸಿದರು. ವಾರ್ಡೇ ನೆಲಸಮ, ಮತ್ತೆ ಹಿಡಿಯುವುದು ಹೇಗೆ? ಕೊನೆಗೆ ಇದೇ ಮನೆಯ ಅಡುಗೆಕೋಣೆಯ ಮೌನ ತಂದು ತೇಪೆ ಹಾಕಿದರು. ಚಿತ್ರಮಂದಿರದಲ್ಲಿ ತಾಯಿ ಅಳುತ್ತಿದ್ದರೆ ಜನ ಕೂತಲ್ಲೇ ಮಿಸುಕಾಡಿದರು. 'ಯಾಕೋ ಎಲ್ಲೋ ಹಾಲು ಉಕ್ಕುತ್ತಿದೆ ಎನ್ನಿಸಿತು' ಎಂದು ಬರೆದ ಒಬ್ಬ ವಿಮರ್ಶಕ. ಸಿನಿಮಾ ಮಕಾಡೆ ಮಲಗಿತು. 'ನಮ್ಮ ಕಿವಿಗೇ ಕಿವುಡು' ಎಂದು ನಿರ್ದೇಶಕರು ಪತ್ರಿಕೆಗೆ ಹೇಳಿದರು. ಕಿವಿಯಣ್ಣ ಸಿನಿಮಾ ಬಿಟ್ಟು ರೇಡಿಯೋ ರಿಪೇರಿ ಅಂಗಡಿ ಇಟ್ಟರು.

"ತಪ್ಪಾಯ್ತು ಅಂತ ಒಂದು ಮಾತು ಅಂದಿದ್ರೆ ಮುಗೀತಿತ್ತು. ನಾನು ಅಳಿಸಿಲ್ಲ, ನಾನು ಅಳಿಸಿಲ್ಲ, ಇದೇ ಹಟ. ಇವರು ಇಲ್ಲಿ ಊಟ ನಿದ್ದೆ ಬಿಟ್ಟು ಕೂತಿದ್ರು. ನಂಗೂ ಸಿಟ್ಟು. ಒಂದು ದಿನ ಬಂದ, ಬಾಗಿಲು ತಟ್ಟಿದ. ನಾನು ತೆಗೀಲಿಲ್ಲ. ಹೋಗಲೂ ಇಲ್ಲ ಅವನು. ಆ ಮೂಗಿನ ಸೀಟಿ ಬಾಗಿಲಾಚೆ ಕೇಳ್ತಾನೇ ಇತ್ತು. ಎಷ್ಟೋ ಹೊತ್ತು. ಆಮೇಲೆ ಕೇಳಿಸಲಿಲ್ಲ." ಪುಡಿಯನ್ನು ನೀರಿಗೆ ಹಾಕಿ ಕಲಕಿದರು. "ಇಪ್ಪತ್ತಾರು ವರ್ಷ ಆಯ್ತು. ಈಗಲೂ ಸಿಟ್ಟಿದೆ. ಸತ್ತವರ ಮೇಲಿನ ಸಿಟ್ಟನ್ನ ಎಲ್ಲಿ ಇಳಿಸ್ತೀಯ ಹೇಳು?"

ಕೋಣೆಗೆ ಮರಳಿದರೆ ನಿರ್ದೇಶಕರ ಕಣ್ಣು ತೆರೆದೇ ಇತ್ತು. ಎಲ್ಲ ಕೇಳಿಸಿಕೊಂಡಿದ್ದರು.

"ಅವಳಿಗೆ ಗೊತ್ತಿರೋದು ಅಷ್ಟೇ," ಎಂದರು. "ಪೂರ್ತಿ ನಾನು ಹೇಳಬೇಕು. ಅವಳಿಗೇ ಹೇಳಬೇಕು. ಈ ಗಂಟಲು ಇರೋ ಹೊತ್ತಿಗೆ..." ಅಷ್ಟಕ್ಕೇ ನಿಂತಿತು. ಕಪಾಟಿನ ಕೆಳಗಿನ ಖಾನೆಯಲ್ಲಿ ಲೇಬಲ್ ಇಲ್ಲದ ಒಂದೇ ಒಂದು ಡಬ್ಬಿ ಇತ್ತು. ನನ್ನ ಕಣ್ಣು ಅತ್ತ ಹೋದದ್ದು ಕಂಡು, "ಅದನ್ನ ಮುಟ್ಟಬೇಡ!" ಎಂದು ಗದರಿದರು.

ಹತ್ತನೇ ದಿನವೂ ಹೇಳಲಿಲ್ಲ. ಬಾಯಿ ತೆರೆಯುವುದು, ಮುಚ್ಚುವುದು. ಬೀಗ ಹಾಕಿದ ಬಾಯಿಗೆ ಒಂದು ಸಣ್ಣ ಹೆದರಿಕೆಯ ಕೀಲಿ ಹಾಕಿದರೆ ಹೇಗೆ ಎಂದು ನನ್ನೊಳಗಿನ ಕೋತಿ ಎದ್ದು ಕೂತಿತು. ಅಷ್ಟು ದಿನ ನಿರ್ದೇಶಕರು ಯಂತ್ರಕ್ಕೆ ಹಾಕಿ ಕೇಳಿಸಿದ ಡಬ್ಬಿಗಳನ್ನು ಕೇಳಿ ಕೇಳಿ ಕಿವಿಯಣ್ಣನ ದನಿ ನನ್ನ ಗಂಟಲಿಗೆ ಇಳಿದಿತ್ತು: ತೆಳ್ಳಗೆ, ಮೂಗಿನಲ್ಲಿ, ಮಾತಿಗೆ ಮುಂಚೆ ಒಂದು "ಹ್ಮ್". ಮನೆಯ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಹೊರಗಿನಿಂದ ನನ್ನ ತಾಯಿ, "ಒಳಗೆ ನಿನ್ನ ಜೊತೆ ಯಾರೋ ಇರೋದು?" ಎಂದು ಕೂಗಿದರು.

"ಹ್ಮ್. ಯಾರೂ ಇಲ್ಲ," ಎಂದೆ. ನನ್ನ ದನಿಯಲ್ಲಿ ಹೇಳಬೇಕೆಂದುಕೊಂಡಿದ್ದೆ. ಅವರ ದನಿಯಲ್ಲಿ ಬಂತು.

ಹನ್ನೊಂದನೇ ದಿನ ಅಮ್ಮ ಆಸ್ಪತ್ರೆಯಿಂದ ರಿಪೋರ್ಟು ತರಲು ಹೋಗಿದ್ದರು. ಕೋಣೆಯಲ್ಲಿ ನಾವಿಬ್ಬರೇ. "ಹನ್ನೊಂದನೇ ಮಾತುಕತೆ. ಯಾರೂ ಇಲ್ಲ." ನಿಮಿಷ ಹಿಡಿದೆವು. ಮನೆಗೆ ಬಂದು ಅದರ ನಲವತ್ತನೇ ಸೆಕೆಂಡಿಗೆ ನನ್ನ ಕೈಚಳಕ ಸೇರಿಸಿದೆ. ಕಿವಿಯಣ್ಣನ ದನಿಯಲ್ಲಿ ಎರಡೇ ಮಾತು: "ಹ್ಮ್. ಯಾರೋ ಇದ್ದಾರೆ." ಅಲ್ಲಿಂದ ಮುಂದಕ್ಕೆ ಕೇಳಲೂ ಇಲ್ಲ. ಮೌನದಲ್ಲಿ ಕೇಳುವುದೇನಿದೆ?

ಹನ್ನೆರಡನೇ ದಿನ. ರೆಕಾರ್ಡರನ್ನು ಹೊಸ ಕಡತಕ್ಕೆ ಚಾಲೂ ಮಾಡಿ ಮೇಜಿನ ಮೇಲಿಟ್ಟೆ. ಹಿಂದಿನ ದಿನದ ನಿಮಿಷವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ಹೆಡ್‌ಫೋನ್ ಅವರ ಕೈಗೆ ಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳತೊಡಗಿದರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು.

ಬೆಚ್ಚಲಿಲ್ಲ. ಕೂಗಲಿಲ್ಲ. ಮುಖದ ಒಂದು ನರವೂ ಅಲುಗಲಿಲ್ಲ. ಮೆಲ್ಲಗೆ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇವಳೇ, ಬಾ ಇಲ್ಲಿ," ಎಂದು ಕರೆದರು. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದರು. "ಕೂತ್ಕೋ. ಭಾವ ಬಂದಿದ್ದಾರೆ."

ಅಮ್ಮನ ಕೈ ಸೆರಗಿನಲ್ಲೇ ನಿಂತಿತು.

"ಸರ್, ಅದು..." ಎಂದೆ. ಅವರ ಬಲಗೈ ಮೇಲೆದ್ದಿತು, ಖಾಲಿ ನಿಮಿಷಕ್ಕೆ ಏಳುತ್ತಿದ್ದ ಅದೇ ಕೈ. ಹನ್ನೊಂದು ದಿನದ ತರಬೇತಿ. ನಾನು ಬಾಯಿ ಮುಚ್ಚಿದೆ.

"ವಾರ್ಡಿನ ನಿಮಿಷ ಅಳಿಸಿದ್ದು ನಾನು," ಎಂದರು ಹೆಂಡತಿಗೆ. "ಆರನೇ ಸಿನಿಮಾಕ್ಕೆ ಪ್ರಶಸ್ತಿ ಬಂದಿತ್ತಲ್ಲ. ವೇದಿಕೆ ಮೇಲೆ ಏನು ಮಾತಾಡೋದು ಅಂತ ಒಬ್ಬನೇ ಇಲ್ಲಿ ಕೂತು ಅಭ್ಯಾಸ ಮಾಡ್ತಿದ್ದೆ. ಹೇಗೆ ಕೇಳುತ್ತೆ ನೋಡೋಣ ಅಂತ ಕೈಗೆ ಸಿಕ್ಕ ಸ್ಪೂಲು ಹಾಕಿ ರೆಕಾರ್ಡ್ ಒತ್ತಿದೆ. ತಿರುಗಿಸಿ ಕೇಳಿದ್ರೆ ಮೊದಲು ಭಾವನ ದನಿ. 'ವಾರ್ಡು. ಯಾರೂ ಇಲ್ಲ.' ಅದಾದ ಮೇಲೆ ನಾನು. 'ಈ ಗೌರವ ನಮ್ಮ ಭಾವನಿಗೆ ಸೇರಬೇಕು' ಅಂತ ನಾನು." ಕೆಳಗಿನ ಖಾನೆಯ ಡಬ್ಬಿಯತ್ತ ಬೆರಳು ತೋರಿಸಿದರು. "ಅಲ್ಲೇ ಇದೆ. ಲೇಬಲ್ ಕಿತ್ತು ಬಚ್ಚಿಟ್ಟೆ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತಿದ್ದೆ. ಅಷ್ಟರಲ್ಲಿ ಎಲ್ಲರೂ ಅವರ ಮೇಲೆ ಹಾಕಿದ್ರು. ನಾನೂ ಹಾಕಿದೆ."

ಫ್ರಿಜ್ಜು ಹತ್ತಿರ ಬಂತು. ಕೊಳಾಯಿ ಗಂಟಲು ಸರಿಮಾಡಿಕೊಂಡಿತು. ಅಮ್ಮ ಗಂಡನ ಮುಖವನ್ನಲ್ಲ, ಸ್ಟೂಲನ್ನು ನೋಡುತ್ತಿದ್ದರು.

ಇನ್ನು ತಡೆಯಲಾಗಲಿಲ್ಲ. "ಸರ್, ಕ್ಷಮಿಸಿ. ಆ ದನಿ ನಂದು. ತಮಾಷೆಗೆ ಮಾಡಿದ್ದು," ಎಂದೆ.

"ಗೊತ್ತು ಕಣೋ," ಎಂದರು ನಿರ್ದೇಶಕರು. "ದನಿಯೇನೋ ಅದ್ಭುತವಾಗಿತ್ತು. ಆದ್ರೆ ನಮ್ಮ ಭಾವ ಖಾಲಿ ನಿಮಿಷದೊಳಗೆ ಮಾತಾಡೋ ಮನುಷ್ಯ ಅಲ್ಲ. ಮನೆಗೆ ಬೆಂಕಿ ಬಿದ್ರೂ ನಿಮಿಷ ಮುಗಿಸಿ ಆಮೇಲೆ ಹೇಳ್ತಿದ್ರು. ಸತ್ತ ಮಾತ್ರಕ್ಕೆ ಅಭ್ಯಾಸ ಬಿಡ್ತಾರಾ?"

"ಗೊತ್ತಿದ್ದೂ ಮತ್ತೆ ಯಾಕೆ...?"

"ಇಪ್ಪತ್ತಾರು ವರ್ಷದಿಂದ ಒಂದು ನೆಪಕ್ಕೆ ಕಾಯ್ತಿದ್ದೆ. ಕೋತಿ ತಂದುಕೊಡ್ತು."

ಅಮ್ಮ ಗಂಡನ ತೊಡೆಯ ಮೇಲಿನ ಹೆಡ್‌ಫೋನ್ ಎತ್ತಿ ಹಾಕಿಕೊಂಡರು. ಮೊದಲಿನಿಂದ ಹಾಕು ಎಂದು ಸನ್ನೆ ಮಾಡಿದರು. ಹಾಕಿದೆ. ನಲವತ್ತನೇ ಸೆಕೆಂಡಿಗೆ ಅವರ ತುಟಿ ಬಿಗಿಯಿತು. ನಿಮಿಷ ಮುಗಿಯಿತು. ನನ್ನ ಬೆರಳು ಯಾವಾಗಲೂ ನಿಧಾನ. ರೆಕಾರ್ಡರು ನಿಲ್ಲಿಸುವಷ್ಟರಲ್ಲಿ ಐದಾರು ಸೆಕೆಂಡು ಹೆಚ್ಚೇ ಓಡಿರುತ್ತಿತ್ತು. ಆ ಐದಾರು ಸೆಕೆಂಡಿನಲ್ಲಿ ಅಮ್ಮ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡರು.

"ಇದೂ ನೀನೇನಾ?"

"ಯಾವುದಮ್ಮ?"

ಅವರು ಹೆಡ್‌ಫೋನಿನ ವೈರು ಕಿತ್ತರು. ಸದ್ದು ಕೋಣೆಗೆ ಬಿತ್ತು. ನಾನು ಕೊನೆಯ ತುಣುಕನ್ನು ಮತ್ತೆ ಹಾಕಿದೆ. ಐವತ್ತೊಂಬತ್ತು. ಅರವತ್ತು. ಅರವತ್ತೊಂದು. ಆಮೇಲೆ, ರೆಕಾರ್ಡರಿನ ತೀರ ಹತ್ತಿರದಿಂದ, ಬಹಳ ಹೊತ್ತು ಕಟ್ಟಿಕೊಂಡಿದ್ದ ಉಸಿರೊಂದು ಹೊರಬಂತು. ಉದ್ದಕ್ಕೆ. ಅದರ ತುದಿಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ, ಒಂದು ಸೀಟಿ.

"ನಾನಲ್ಲ," ಎಂದೆ. "ಆ ಸೀಟಿಯನ್ನ ನಾನು ಯಾವತ್ತೂ ಕೇಳೇ ಇಲ್ಲ. ಕೇಳದೇ ಇರೋದನ್ನ ಅನುಕರಣೆ ಮಾಡೋದು ಹೇಗಮ್ಮ?"

"ಮಾಡು ನೋಡೋಣ ಈಗ."

ಮಾಡಿದೆ. ಮೂಗು ಹಿಂಡಿ, ತುಟಿ ತಿರುಚಿ, ನನಗೆ ಬರುವ ವಿದ್ಯೆಯೆಲ್ಲ ಹಾಕಿ ಮಾಡಿದೆ. ಬಂದದ್ದು ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಸದ್ದು.

ಅಮ್ಮ ಎದ್ದರು. ನಡುಮನೆ ದಾಟಿ ಹೋದರು. ಚಿಲಕ ತೆಗೆದದ್ದು, ಮುಂಬಾಗಿಲು ಗೋಡೆಗೆ ತಾಗುವವರೆಗೂ ತೆರೆದದ್ದು ಕೇಳಿಸಿತು. ಮೆಟ್ಟಿಲ ಕಡೆಯ ತಣ್ಣನೆ ಗಾಳಿ ಒಳಕೋಣೆಯವರೆಗೆ ಬಂದು ಕಿಟಕಿಯ ಕಂಬಳಿಯನ್ನು ಒಮ್ಮೆ ಉಬ್ಬಿಸಿ ಬಿಟ್ಟಿತು.

"ಯಾರೂ ಇಲ್ಲ," ಎಂದರು ಅಮ್ಮ ವಾಪಸು ಬಂದು. ಬಾಗಿಲನ್ನು ಮಾತ್ರ ಹಾಕಿರಲಿಲ್ಲ. ನನ್ನ ಪಕ್ಕದ ಕುರ್ಚಿ ಖಾಲಿ ಇದ್ದರೂ ಅದರಲ್ಲಿ ಕೂರಲಿಲ್ಲ. ಹೋಗಿ ಯಂತ್ರದ ಮುಂದಿನ ಸ್ಟೂಲನ್ನು ಸೆರಗಿನಿಂದ ಒರೆಸಿ, ಅದರ ಪಕ್ಕ ನಿಂತುಕೊಂಡರು, ಇನ್ನೊಬ್ಬರಿಗೆ ಜಾಗ ಬಿಟ್ಟು ನಿಲ್ಲುವಂತೆ.

"ನನ್ನನ್ನ ಏನು ಮಾಡ್ತೀಯ?" ಎಂದು ಕೇಳಿದರು ನಿರ್ದೇಶಕರು. ದನಿ ಪೂರ್ತಿ ಸವೆದಿತ್ತು.

ಅಮ್ಮ ಬೆರಳು ಮಡಿಸಿ ದಿನ ಎಣಿಸಿದರು.

"ಆಪರೇಷನ್‌ಗೆ ಇನ್ನೂ ಒಂಬತ್ತು ದಿನ ಇದೆ. ದಿನಾ ಮೂರು ಗಂಟೆಗೆ ಈ ಸ್ಟೂಲಿನ ಮುಂದೆ ನಿಂತು, 'ಅಳಿಸಿದ್ದು ನಾನು ಭಾವ' ಅನ್ನಬೇಕು. ಗಟ್ಟಿಯಾಗಿ. ನಾನು ಇಲ್ಲೇ ಕೂತು ಕೇಳ್ತೀನಿ."

"ಆಯ್ತು. ಆಮೇಲೆ? ನನ್ನ ದನಿ ಹೋದ ಮೇಲೆ?"

ಅಮ್ಮ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಕರುಣೆಯ ಲವಲೇಶವೂ ಇರಲಿಲ್ಲ.

"ಇವನು ಇದ್ದಾನಲ್ಲ. ನಾನು ಇರೋ ತನಕ ವಾರಕ್ಕೊಂದು ದಿನ ಬಂದು ನಿಮ್ಮ ದನೀಲಿ ಹೇಳ್ತಾನೆ. ನೀವು ಪಕ್ಕದಲ್ಲಿ ಕೈ ಕಟ್ಟಿ ನಿಂತ್ಕೊಳ್ಳಿ. ಎಲ್ಲಿ, ಒಂದು ಸಲ ಹೇಳಪ್ಪ, ಕೇಳೋಣ."

ನಾನು ಎದ್ದು ನಿಂತೆ. ಖಾಲಿ ಸ್ಟೂಲಿನ ಮುಂದೆ ಕೈ ಕಟ್ಟಿದೆ. ಗಂಟಲಿಗೆ ಮರಳುಕಾಗದ ತಂದುಕೊಂಡು, ತಲೆ ಬಗ್ಗಿಸಿ, ಹನ್ನೆರಡು ದಿನ ಕೇಳಿ ಕಲಿತ ದನಿಯಲ್ಲಿ ಹೇಳಿದೆ: "ಅಳಿಸಿದ್ದು ನಾನು, ಭಾವ."

ಇನ್ನು ಒಂಬತ್ತು ದಿನಕ್ಕೆ ಸಾಯಲಿರುವ ತನ್ನ ದನಿ ಇನ್ನೊಬ್ಬನ ಬಾಯಿಂದ ಹೊರಟು, ಇಪ್ಪತ್ತಾರು ವರ್ಷ ತನ್ನಿಂದಾಗದ ಕೆಲಸವನ್ನು ಎರಡು ಸೆಕೆಂಡಿನಲ್ಲಿ ಮುಗಿಸಿದ್ದನ್ನು ನಿರ್ದೇಶಕರು ಬಾಯಿ ತೆರೆದು ನೋಡಿದರು. ಮೊದಲು ಅವರ ಭುಜ ಕುಲುಕಿತು. "ಅಯ್ಯೋ ಇವನ... ಪ್ರಶಸ್ತಿ ಭಾಷಣಾನೂ ಇವನ ಕೈಲೇ ಮಾಡಿಸಬೇಕಿತ್ತಲ್ಲೇ!" ಎಂದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು, ಅಳುವೋ ನಗುವೋ ತಿಳಿಯಲಿಲ್ಲ, ಆಮೇಲೆ ನಗುವೇ ಎಂದು ತಿಳಿಯಿತು. ನಾನೂ ನಕ್ಕೆ.

ಮೇಜಿನ ಮೇಲೆ ರೆಕಾರ್ಡರು ಓಡುತ್ತಲೇ ಇತ್ತು. ಅದರಲ್ಲಿ ಆ ನಗು ಇದೆ. ಎಷ್ಟು ಜನರದು ಎಂದು ಎಣಿಸಲು ನಾನು ಈವರೆಗೆ ಕೂತಿಲ್ಲ. ಆದರೆ ಆ ದಿನ ನನ್ನ ಕಿವಿಯಾರೆ ಕೇಳಿದ್ದನ್ನು ಹೇಳಬಲ್ಲೆ: ಇದ್ದವರು, ಇಲ್ಲದವರು ಎಲ್ಲರಿಗಿಂತ ಜೋರಾಗಿ, ಕೆಮ್ಮಿ, ಕಣ್ಣೀರು ಸುರಿಸಿ, ಮೇಜು ಗುದ್ದಿ, ಗಂಟಲಲ್ಲಿ ಉಳಿದ ಸಾಮಾನನ್ನೆಲ್ಲ ಒಂದೇ ಸಲಕ್ಕೆ ಖರ್ಚು ಮಾಡುವವರಂತೆ ನಕ್ಕವರು ನಿರ್ದೇಶಕರೇ.